ಧೂಳು ಬಂದರೆ ದೀಪ ಆರಿಸಬೇಕು

ಎಲ್ಕ್ ಗ್ರೋವ್ ವಿಲೇಜ್
ಜೂನ್ 8, 2025, ಭಾನುವಾರ

ನನ್ನ ಅನು,

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಅಂತ ಲಕೋಟೆ ನೋಡಿಯೇ ನೀನು ನಕ್ಕಿರುತ್ತೀಯ. ನಗು, ಪರವಾಗಿಲ್ಲ. ಆಮೇಲೆ ನಗು ಬರುವುದಿಲ್ಲ. ಫೋನಿನಲ್ಲೇ ಹೇಳಿಬಿಡೋಣ ಅಂತ ಈ ಮೂರು ವಾರದಲ್ಲಿ ನಾಲ್ಕು ಸಲ ಹೊರಟೆ. ನಾಲ್ಕು ಸಲವೂ ನಾನು ಹಲೋ ಅನ್ನುವ ಮೊದಲೇ ನೀನು, ಅಕ್ಕಾ, ಊಟ ಆಯ್ತಾ, ಏನು ಸಾರು ಅಂತ ಕೇಳಿದೆ. ನಾನು ಹುರುಳಿಕಾಳಿನದು ಅಂದೆ. ಅಲ್ಲಿಗೆ ನನ್ನ ಧೈರ್ಯ ಇಳಿದುಹೋಯಿತು. ಕಾಗದದ ಅನುಕೂಲ ಏನೆಂದರೆ ಅದು ನಡುವೆ ಬಾಯಿ ಹಾಕುವುದಿಲ್ಲ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಜುಲೈನಲ್ಲಿ ಮಾನ್ಯಾ ಜೊತೆ ನಾನು ಅರಿಜೋನಾಗೆ ಹೋಗುವುದಿಲ್ಲ. ರಜೆ ಸಿಗಲಿಲ್ಲ ಅಂತ ಕಾಗೆ ಹಾರಿಸಬಹುದಿತ್ತು, ಆದರೆ ಲ್ಯಾಬಿನಲ್ಲಿ ನನ್ನ ಹೆಸರಿಗೆ ಹದಿನೇಳು ದಿನ ರಜೆ ಹಾಗೇ ಬಿದ್ದಿದೆ. ಮಂಡಿನೋವು ಅನ್ನಬಹುದಿತ್ತು, ಅದಂತೂ ನಿಜವೇ. ಆದರೆ ನಿನಗೆ ಇಲ್ಲಿಯವರೆಗೆ ಹೇಳಿದ ಸುಳ್ಳುಗಳಿಗೇ ನನ್ನಲ್ಲಿ ಜಾಗ ಸಾಲುತ್ತಿಲ್ಲ, ಇನ್ನೊಂದನ್ನು ಎಲ್ಲಿಡಲಿ.

ಮಾನ್ಯಾಗೆ ಅಪ್ಪ ಕೆಲಸ ಮಾಡುತ್ತಿದ್ದ ಕಂಪನಿಯಲ್ಲೇ ಬೇಸಿಗೆ ಇಂಟರ್ನ್‌ಶಿಪ್ ಸಿಕ್ಕಿದೆ, ಅಪ್ಪ ಹೋಗುತ್ತಿದ್ದ ಹಾಟ್ ಟ್ರಿಪ್ಪಿಗೇ ತಾನೂ ಹೋಗಬೇಕು ಅಂತ ಹಟ ಹಿಡಿದಿದ್ದಾಳೆ ಅಂತ ನೀನು ಹೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಪ್ಪತ್ತು ತುಂಬುತ್ತಿರುವ ಹುಡುಗಿ, ಅಪ್ಪ ಹೋದ ಜಾಗ ನೋಡಬೇಕು ಅನ್ನಿಸುತ್ತದೆ. ನೂರ ಹದಿನೈದು ಡಿಗ್ರಿ ಬಿಸಿಲಿನಲ್ಲಿ ಹೊಸ ಕಾರಿನ ಏಸಿ ತಡೆದೀತೋ ಇಲ್ಲವೋ ಅಂತ ನೋಡುವುದಕ್ಕೆ ರಾಚೆಸ್ಟರ್ ಹಿಲ್ಸ್‌ನಿಂದ ಮರುಭೂಮಿಗೆ ಹೋಗುವ ಹುಚ್ಚು ನಿಮ್ಮ ಮನೆಯವರ ರಕ್ತದಲ್ಲೇ ಇದೆ. ತಂಡಕ್ಕೆ ಈಗಲೂ ಪ್ರಕಾಶ್ ಅವರೇ ಮುಖ್ಯಸ್ಥರು ಅಂತ ಗೊತ್ತಾದ ಮೇಲೆ ನೀನು ನನಗೆ ಫೋನ್ ಮಾಡಿದೆ. ಆ ಮನುಷ್ಯ ಓಡಿಸೋ ಕಾರಲ್ಲಿ ನನ್ನ ಮಗಳು ಕೂರಬಾರದು, ಅಕ್ಕ, ನೀವು ಹೋಗಿ, ಬೇರೆ ಕಾರು ಬಾಡಿಗೆಗೆ ತಗೊಂಡು ನೀವೇ ಡ್ರೈವ್ ಮಾಡಿ, ನೀವು ಜೊತೇಲಿದ್ರೆ ನಾನಿಲ್ಲಿ ನಿದ್ದೆ ಮಾಡ್ತೀನಿ ಅಂದೆ. ನಿನ್ನ ನಿದ್ದೆಯ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ.

ಈಗ ನಿನಗೆ ಗೊತ್ತಿರುವುದನ್ನೇ ಒಂದು ಸಲ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳದೆ ಓದು. ಯಾಕೆ ಬರೆಯುತ್ತಿದ್ದೇನೆ ಅಂತ ಮುಂದೆ ತಿಳಿಯುತ್ತದೆ.

2013ರ ಜುಲೈ ಹದಿಮೂರು. ನನ್ನ ಗಂಡ ಪ್ರಕಾಶ್, ನಿನ್ನ ಗಂಡ ಮಾಧವ, ಇಬ್ಬರೂ ಎರಡು ವಾರದಿಂದ ಅರಿಜೋನಾದಲ್ಲಿದ್ದರು. ನಾನು ಮೂರು ದಿನ ಸುತ್ತಾಡಿ ಬರೋಣ ಅಂತ ಆಮೇಲೆ ಹೋಗಿ ಸೇರಿಕೊಂಡಿದ್ದೆ. ಮಾರನೆಯ ದಿನ ಮಾನ್ಯಾಗೆ ಎಂಟು ತುಂಬುತ್ತಿತ್ತು. ಆ ಸಂಜೆಯ ವಿಮಾನ ಹತ್ತಿ ಬೆಳಗಾಗುವಷ್ಟರಲ್ಲಿ ಡೆಟ್ರಾಯಿಟ್‌ನಲ್ಲಿ ಇಳಿಯಬೇಕು ಅಂತ ಮಾಧವ ಬೆಳಿಗ್ಗೆಯಿಂದಲೇ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದ. ಅವನಿಗೊಂದು ಬಾಡಿಗೆ ಕಾರು, ನಮಗೊಂದು. ಹೋಟೆಲಿನ ಮುಂದೆ ನಾವು ಹತ್ತಿ ಕೂತ ಮೇಲೆ ನಮ್ಮ ಕಾರಿನ ತಲೆಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ, ಹೊರಡಿ ಅಂದ. ನಿನಗೆ ಗೊತ್ತಲ್ಲ, ಯಾರನ್ನು ಕಳಿಸಿಕೊಡುವಾಗಲೂ ಅವನಿಗೆ ಹಾಗೆ ತಟ್ಟುವ ಅಭ್ಯಾಸ, ಬೆಂಗಳೂರಿನ ಬಸ್ ಕಂಡಕ್ಟರನ ಹಾಗೆ. ನಾನು ತಮಾಷೆ ಮಾಡುತ್ತಿದ್ದೆ. ವಿಮಾನ ನಿಲ್ದಾಣದ ದಾರಿಯಲ್ಲಿ ನಾವು ಮುಂದೆ, ಅವನು ಹಿಂದೆ.

ನಲವತ್ತು ಮೈಲಿ ಆಚೆ ಎಲ್ಲೋ ಗುಡುಗು ಮೋಡ ಮಳೆ ಹೊಯ್ದು ಕುಸಿದಿತ್ತು. ಮೋಡದಿಂದ ಬಿದ್ದ ತಣ್ಣನೆ ಗಾಳಿ ನೆಲಕ್ಕೆ ಅಪ್ಪಳಿಸಿ, ನಾಲ್ಕು ಕಡೆಗೂ ಹರಿದು, ಮರುಭೂಮಿಯ ಮಣ್ಣನ್ನೆಲ್ಲ ಎಬ್ಬಿಸಿಕೊಂಡು ಬಂತು. ನಮ್ಮ ಮೇಲೆ ಒಂದು ಹನಿ ಮಳೆ ಬೀಳಲಿಲ್ಲ. ಆಕಾಶದ ಅರ್ಧದವರೆಗೆ ಒಂದು ಕಂದು ಗೋಡೆ, ಅಷ್ಟೇ. ಗೋಡೆ ನಿಂತಿರುತ್ತದೆ ಅಂತ ನಾವು ತಿಳಿದಿದ್ದೇವೆ. ಅದು ನಡೆದುಕೊಂಡು ಬರುತ್ತಿತ್ತು.

ಆಗ ಏನು ಮಾಡಬೇಕು ಅಂತ ಪ್ರಕಾಶ್‌ಗೆ ಬಾಯಿಪಾಠ ಇತ್ತು. ಕಾರನ್ನು ರಸ್ತೆಯಿಂದ ಪೂರ್ತಿ ಆಚೆ ಇಳಿಸಬೇಕು. ಎಲ್ಲ ಲೈಟು ಆರಿಸಬೇಕು. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕಿನಿಂದ ಕಾಲು ತೆಗೆದುಬಿಡಬೇಕು, ಹಿಂದಿನ ಕೆಂಪು ದೀಪವೂ ಹತ್ತಬಾರದು. ಧೂಳಿನಲ್ಲಿ ಕಣ್ಣು ಕಾಣದೆ ಬರುವವನು ಮುಂದೆ ಒಂದು ದೀಪ ಕಂಡರೆ ಅದೇ ರಸ್ತೆ ಅಂತ ನಂಬುತ್ತಾನೆ, ಅದನ್ನೇ ಹಿಡಿದುಕೊಂಡು ಬಂದು ಗುದ್ದುತ್ತಾನೆ. ನಮ್ಮ ಬುದ್ಧಿಗೆ ಇದು ಪೂರ್ತಿ ಉಲ್ಟಾ. ಮೈಸೂರಿನಲ್ಲಿ ಕರೆಂಟು ಹೋದರೆ, ಮನೆಗೆ ಬರುವವರು ಇನ್ನೂ ಯಾರಾದರೂ ಇದ್ದರೆ, ನಮ್ಮಮ್ಮ ಲಾಟೀನು ಹಚ್ಚಿ ಹೊಸ್ತಿಲ ಮೇಲಿಡುತ್ತಿದ್ದರು. ಬರುವವರಿಗೆ ದಾರಿ ಕಾಣಲಿ ಅಂತ. ಕೊನೆಯವರು ಬರುವ ತನಕ ಅದನ್ನು ಆರಿಸುವ ಹಾಗಿರಲಿಲ್ಲ.

ಪ್ರಕಾಶ್ ಕಾರು ಇಳಿಸಿ ನಿಲ್ಲಿಸಿದರು. ಆದರೆ ಎಚ್ಚರಿಕೆಗೆ ಹಾಕಿದ್ದ ಹಜಾರ್ಡ್ ಲೈಟು ಆರಿಸಲು ಮರೆತರು. ಮಿನುಗುವ ಆ ದೀಪ ಹಿಡಿದು ಮಾಧವ ಬಂದ. ಕೊನೆಯ ಗಳಿಗೆಯಲ್ಲಿ ನಮ್ಮನ್ನು ತಪ್ಪಿಸಲು ತಿರುಗಿಸಿ ಒಣ ಹಳ್ಳಕ್ಕೆ ಮಗುಚಿದ, ಅಲ್ಲೇ ಹೋಗಿಬಿಟ್ಟ. ಪ್ರಕಾಶ್ ಪೊಲೀಸರಿಗೂ ಹಾಗೇ ಹೇಳಿದರು, ನಿನ್ನ ಮುಂದೆ ನಿಂತೂ ಹಾಗೇ ಹೇಳಿದರು. ನೀನು ಅವರನ್ನು ಮನೆಯಿಂದ ಆಚೆ ಕಳಿಸಿದೆ. ಆ ಡಿಸೆಂಬರಿನಲ್ಲಿ ನಾನೂ ಅವರನ್ನು ಬಿಟ್ಟು ಇಲ್ಲಿಗೆ ಬಂದೆ. ಅಂಥ ಬೇಜವಾಬ್ದಾರಿ ಮನುಷ್ಯನ ಜೊತೆ ಒಂದು ಸೂರಿನಡಿ ಇರಲಾರೆ ಅಂತ ಊರಿಗೆಲ್ಲ ಹೇಳಿದೆ. ನೀನು ನನ್ನನ್ನು ತಬ್ಬಿಕೊಂಡು, ನನ್ನ ಸಲುವಾಗಿ ನಿಮ್ಮ ಸಂಸಾರಾನೇ ಬಿಟ್ರಲ್ಲ ಅಕ್ಕ ಅಂತ ಅತ್ತೆ. ನಾನು ನಿನ್ನ ಬೆನ್ನು ಸವರಿದೆ.

ಇನ್ನೊಂದು ಇದೆ. ಮಾಧವನ ಕೊನೆಯ ಫೋನು ನನಗೆ ಬಂದಿತ್ತು. ಏನಂದ ಅಂತ ನೀನು ಕೇಳಿದೆ. ಅನುಗೆ ಹೇಳಿ, ನಾನು ಬರೋ ತನಕ ಕೇಕ್ ಕತ್ತರಿಸಬೇಡಿ ಅಂತ ಹೇಳಿದ ಅಂದೆ. ಅವತ್ತಿನಿಂದ ನಿಮ್ಮ ಮನೆಯಲ್ಲಿ ಕೇಕ್ ಕತ್ತರಿಸಿಲ್ಲ. ಪ್ರತಿ ಜುಲೈ ಹದಿನಾಲ್ಕಕ್ಕೆ ಬೇಕರಿಯಿಂದ ಕೇಕ್ ಬರುತ್ತದೆ, ಮೇಜಿನ ಮೇಲೆ ಇಡೀ ದಿನ ಕೂರುತ್ತದೆ, ಪಕ್ಕದಲ್ಲಿ ಚಾಕು ಇರುತ್ತದೆ, ಸಂಜೆ ಇಡಿಯಾಗಿ ಪಕ್ಕದ ಮನೆಗೆ ಹೋಗುತ್ತದೆ. ಒಂದು ವರ್ಷ ನಾನೂ ಇದ್ದೆನಲ್ಲ. ಆಗ ಮಾನ್ಯಾಗೆ ಹನ್ನೊಂದು. ಕೇಕಿನ ಮುಂದೆ ಕೈಕಟ್ಟಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ನೀನು ಅಡುಗೆಮನೆಯಲ್ಲಿ ಪಾಯಸ ತಿರುವುತ್ತಿದ್ದೆ. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಈ ವರ್ಷದ ಮೇ ಹದಿನಾರರ ಸಂಜೆ ಏನಾಯಿತು ಅಂತ ನಿನಗೆ ಹೇಳಿದ್ದು ಕಾಲು ಭಾಗ ಮಾತ್ರ. ಧೂಳಿನಲ್ಲಿ ಸಿಕ್ಕಿಕೊಂಡಿದ್ದೆ, ಕಾರಿನ ಫಿಲ್ಟರ್ ಹಾಳಾಯಿತು ಅಂದಿದ್ದೆ. ಉಳಿದ ಮುಕ್ಕಾಲು ಹೀಗೆ.

ಬ್ಲೂಮಿಂಗ್ಟನ್ ಹತ್ತಿರದ ಒಂದು ಎಣ್ಣೆ ಕಾರ್ಖಾನೆಯಿಂದ ಸ್ಯಾಂಪಲ್ ತೆಗೆದುಕೊಂಡು ಐವತ್ತೈದನೇ ನಂಬರಿನ ಹೆದ್ದಾರಿಯಲ್ಲಿ ವಾಪಸ್ ಬರುತ್ತಿದ್ದೆ. ಫೋನು ಚೀರಿತು. ಧೂಳಿನ ಬಿರುಗಾಳಿಯ ಎಚ್ಚರಿಕೆ ಅಂತ ಬಂದಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ, ಅನು. ಇದೇನು ಮರುಭೂಮಿಯಾ? ಎರಡೂ ಕಡೆ ಉತ್ತು ಬಿತ್ತಿದ ಜೋಳದ ಹೊಲ, ಮೊಳಕೆಯೂ ಕಾಣದ ಬರೀ ಮಣ್ಣು. ಆಮೇಲೆ ಕನ್ನಡಿ ನೋಡಿದೆ.

ಹಿಂದೆ ರಸ್ತೆ ಇರಲಿಲ್ಲ. ಹೊಲದ ಈ ತುದಿಯಿಂದ ಆ ತುದಿಗೆ ಅದೇ ಗೋಡೆ ಇತ್ತು. ಹನ್ನೆರಡು ವರ್ಷ, ಸಾವಿರದ ಏಳುನೂರು ಮೈಲಿ, ಅಷ್ಟು ದೂರ ಬಂದು ಕೂತಿದ್ದೇನೆ, ಆದರೂ ನನ್ನ ವಿಳಾಸ ಹುಡುಕಿಕೊಂಡು ಬಂದಿತ್ತು. ಪಾಠ ಮಾತ್ರ ಮರೆತಿರಲಿಲ್ಲ. ಹುಲ್ಲಿಗೆ ಇಳಿಸಿದೆ. ಎಂಜಿನ್ ನಿಲ್ಲಿಸಿದೆ. ನನ್ನದು ಹಳೇ ಕಾರು, ಇನ್ನೂ ಕೀಲಿ ತಿರುಗಿಸುವಂಥದ್ದು. ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಲೈಟು ಆರಿಸಿದೆ, ಹ್ಯಾಂಡ್ ಬ್ರೇಕ್ ಎಳೆದೆ, ಕಾಲು ತೆಗೆದೆ. ಅಷ್ಟರಲ್ಲಿ ಬೆಳಕು ಹೋಯಿತು. ಇನ್ನೂ ಸಂಜೆ, ಆದರೆ ನನ್ನ ಕೈ ನನಗೇ ಕಾಣಲಿಲ್ಲ. ಗಾಳಿ ಕಾರನ್ನು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಬಾಗಿಲ ಸಂದಿಯಿಂದ ಮಣ್ಣಿನ ವಾಸನೆ ಒಳಗೆ ಬಂತು.

ಆಮೇಲೆ ಟಿಕ್ ಟಿಕ್ ಶುರುವಾಯಿತು.

ಈ ಸದ್ದಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಹಜಾರ್ಡ್ ಲೈಟು ಹಾಕಿದಾಗ ಕಾರಿನೊಳಗೆ ಒಂದು ಟಿಕ್ ಟಿಕ್ ಬರುತ್ತದಲ್ಲ, ಅದು. ಅರಿಜೋನಾದಿಂದ ಬಂದ ಮೇಲೆ, ಎಂಜಿನ್ ನಿಲ್ಲಿಸಿ ಒಬ್ಬಳೇ ಕಾರಿನಲ್ಲಿ ಕೂತಿದ್ದರೆ ಕೆಲವು ಸಲ ಕೇಳಿಸುತ್ತದೆ. ಕಿವಿಯ ಡಾಕ್ಟರಿಗೆ ತೋರಿಸಿದೆ. ನಿಮ್ಮ ಕಿವಿ ಮೂವತ್ತು ವರ್ಷದವಳ ಕಿವಿಯ ಹಾಗಿದೆ ಅಂದರು. ಅದಕ್ಕೇ ನಾನು ಕಾರಿನಿಂದ ಇಳಿಯುವ ತನಕ ರೇಡಿಯೋ ಆರಿಸುವುದಿಲ್ಲ. ನೀನು ನನ್ನನ್ನು ರೇಡಿಯೋ ಹುಚ್ಚಿ ಅಂತ ಆಡಿಕೊಳ್ಳುತ್ತೀಯ.

ಕೀಲಿ ಕೈಯಲ್ಲಿದೆ, ಕಾರು ಸತ್ತ ಹಾಗಿದೆ, ಆದರೂ ಟಿಕ್ ಟಿಕ್. ಕತ್ತಲಲ್ಲೇ ತಡಕಾಡಿ ಹಜಾರ್ಡ್ ಲೈಟಿನ ಕೆಂಪು ಗುಂಡಿ ಮುಟ್ಟಿ ನೋಡಿದೆ. ಒತ್ತಿರಲಿಲ್ಲ, ಮೇಲೇ ಇತ್ತು. ಒತ್ತಿಬಿಡುತ್ತೇನೋ ಅಂತ ಭಯವಾಗಿ ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಕೂತೆ. ಯಾಕೆಂದರೆ ಒತ್ತಬೇಕು ಅನ್ನಿಸುತ್ತಿತ್ತು. ಯಾರೋ ಇನ್ನೂ ಬರುವವರಿದ್ದಾರೆ, ಅವರಿಗೆ ದಾರಿ ಕಾಣಬೇಕು ಅನ್ನಿಸುತ್ತಿತ್ತು.

ಕನ್ನಡಿಯಲ್ಲಿ ಎರಡು ದೀಪ ಮೂಡಿದವು. ಹಳದಿ, ಮಸುಕು. ನೆಟ್ಟಗೆ ನನ್ನ ಕಡೆಗೇ ಬರುತ್ತಿದ್ದವು. ನನ್ನ ಕಾರಿನಲ್ಲಿ ಒಂದು ಮಿಣುಕು ಬೆಳಕೂ ಇಲ್ಲ. ಹಾಗಾದರೆ ಆ ಗಾಡಿ ಏನನ್ನು ಹಿಡಿದುಕೊಂಡು ರಸ್ತೆ ಬಿಟ್ಟು ಹುಲ್ಲಿಗೆ ಇಳಿಯಿತು ಅಂತ ಯೋಚಿಸಲೂ ನನಗೆ ಆಗಲಿಲ್ಲ. ಕೂಗಿದೆ ಅಂತ ಕಾಣುತ್ತದೆ. ಬಾಯಿ ತುಂಬ ಧೂಳು.

ಆಗ ನನ್ನ ತಲೆಯ ಮೇಲೆ, ಕಾರಿನ ಮಾಡಿನ ಮೇಲೆ, ಯಾರೋ ಅಂಗೈಯಿಂದ ಎರಡು ಸಲ ತಟ್ಟಿದರು.

ಎರಡೇ ಸಲ. ದೀಪಗಳು ಸರಕ್ಕನೆ ಪಕ್ಕಕ್ಕೆ ಹೊರಳಿ ನಿಂತವು. ಟಿಕ್ ಟಿಕ್ ನಿಂತಿತು.

ಇಪ್ಪತ್ತು ನಿಮಿಷದ ಮೇಲೆ ಧೂಳು ತೆಳ್ಳಗಾಯಿತು. ಒಂದು ಮಾರು ಆಚೆ ಒಂದು ವ್ಯಾನು ನಿಂತಿತ್ತು. ಅದರಿಂದ ಒಬ್ಬ ಹೆಂಗಸು ಇಳಿದು ನನ್ನ ಕಡೆ ಬಂದಳು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು. ಕಿಟಕಿ ಇಳಿಸುವ ಮೊದಲೇ ಬೈಯಲು ಶುರು ಮಾಡಿದಳು. ನಿನಗೆ ಬುದ್ಧಿ ಇದೆಯಾ, ಇಂಥದ್ದರಲ್ಲಿ ಹಜಾರ್ಡ್ ಲೈಟು ಹಾಕಿಕೊಂಡು ಕೂರುತ್ತಾರಾ, ನೀನು ಮುಂದೆ ಹೋಗುತ್ತಿದ್ದೀಯ ಅಂತ ನಿನ್ನ ದೀಪವನ್ನೇ ನಂಬಿ ಬಂದೆ ಅಂದಳು. ನಾನು ಮುಷ್ಟಿ ಬಿಚ್ಚಿ ಕೀಲಿ ತೋರಿಸಿದೆ. ಅವಳಿಗೆ ಅದು ಅರ್ಥವಾಗಲಿಲ್ಲ. ಸ್ವಲ್ಪ ತಣ್ಣಗಾದ ಮೇಲೆ ಸುತ್ತ ನೋಡಿ, ನಿನ್ನ ಜೊತೆಗಿದ್ದ ಗಂಡಸು ಎಲ್ಲಿ ಅಂತ ಕೇಳಿದಳು. ಅವನು ಹಿಂದೆ ನಿಂತು ಎರಡೂ ಕೈ ಬೀಸದೆ ಇದ್ದಿದ್ದರೆ ನಾನು ತಿರುಗಿಸುತ್ತಿರಲಿಲ್ಲ, ಅವನಿಗೊಂದು ಥ್ಯಾಂಕ್ಸ್ ಹೇಳಬೇಕು ಅಂದಳು.

ನನ್ನ ಜೊತೆ ಯಾರೂ ಇಲ್ಲ ಅಂದೆ. ಅವಳು ಖಾಲಿ ಸೀಟುಗಳನ್ನು ನೋಡಿದಳು, ನನ್ನನ್ನು ನೋಡಿದಳು, ಹೋಗಿ ವ್ಯಾನಿನ ಬಾಗಿಲು ಹಾಕಿಕೊಂಡಳು. ನಾನು ಇಳಿದು ಕಾರಿನ ಮಾಡು ನೋಡಿದೆ. ರಾಗಿಹಿಟ್ಟು ಜರಡಿ ಹಿಡಿದ ಹಾಗೆ ಒಂದೇ ಸಮ ಧೂಳು ಕೂತಿತ್ತು. ಒಂದು ಗೀರೂ ಇರಲಿಲ್ಲ. ಅಂಗೈ ಗುರುತು ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಮಾರನೆಯ ಬೆಳಿಗ್ಗೆಯೇ ನಿನ್ನ ಫೋನು ಬಂತು, ಮಾನ್ಯಾಳನ್ನು ಕರಕೊಂಡು ಹೋಗಿ ಅಂತ. ಇದನ್ನು ಬರೀ ಕಾಕತಾಳೀಯ ಅಂದುಕೊಳ್ಳುವಷ್ಟು ಗಟ್ಟಿಗಿತ್ತಿ ನಾನಲ್ಲ.

ಈಗ ಹೇಳುತ್ತೇನೆ. ಕೂತುಕೊಂಡು ಓದು.

ಪ್ರಕಾಶ್ ಏನನ್ನೂ ಮರೆತಿರಲಿಲ್ಲ. ಕಾರು ಇಳಿಸಿ, ಒಂದೂ ಬಿಡದೆ ಎಲ್ಲ ಲೈಟು ಆರಿಸಿದರು. ಮಾಧವ ಇನ್ನೂ ಹಿಂದೆ ರಸ್ತೆಯಲ್ಲಿದ್ದಾನೆ, ಬಂದರೆ ಕೂಗಿ ಎಚ್ಚರಿಸುತ್ತೇನೆ ಅಂತ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಇಳಿದರು. ಇಳಿಯಬಾರದಿತ್ತು, ಅದೊಂದೇ ಅವರ ತಪ್ಪು. ಇಳಿಯುವಾಗ ನನಗೆ ಹೇಳಿದ್ದು ಒಂದೇ ಮಾತು, ಏನನ್ನೂ ಮುಟ್ಟಬೇಡ ಅಂತ. ಬಾಗಿಲು ಹಾಕಿದ್ದೇ ಅವರು ಧೂಳಿನಲ್ಲಿ ಕಾಣದಾದರು. ಎರಡು ನಿಮಿಷ ಆಗಿರಬಹುದು. ಈ ಮನುಷ್ಯ ಇನ್ನು ವಾಪಸ್ ದಾರಿ ಹೇಗೆ ಹುಡುಕುತ್ತಾನೆ ಅನ್ನಿಸಿತು. ಕೈ ತಾನಾಗಿ ಹೋಗಿ ಆ ಕೆಂಪು ಗುಂಡಿ ಒತ್ತಿತು. ಕೈ ಅಂತ ಬರೆದೆ ನೋಡು, ಈಗಲೂ ಕೈಯ ಮೇಲೆ ಹಾಕುತ್ತಿದ್ದೇನೆ. ನಾನು ಒತ್ತಿದೆ, ಅನು. ಹೊಸ್ತಿಲ ಮೇಲೆ ಲಾಟೀನು ಇಟ್ಟ ಹಾಗೆ ಇಟ್ಟೆ.

ಆಗ ಫೋನು ಬಂತು. ಮಾಧವ ಕೇಕಿನ ಮಾತು ಆಡಲಿಲ್ಲ. ಅವನು ಹೇಳಿದ್ದು ಇಷ್ಟು. ಅತ್ತಿಗೆ, ನಿಮ್ಮ ಲೈಟು ಕಾಣ್ತಿದೆ, ಅದನ್ನೇ ಹಿಡ್ಕೊಂಡು ಬರ್ತಿದೀನಿ ಅಂದ. ನಾನು ಬಾ, ಬಾ ಅಂದೆ. ನಾವಿಲ್ಲೇ ಇದೀವಿ, ಬಾ ಅಂದೆ. ಅವನೂ ಹಜಾರ್ಡ್ ಲೈಟು ಹಾಕಿಕೊಂಡಿದ್ದ. ಫೋನಿನಲ್ಲಿ ಅವನ ಕಾರಿನ ಟಿಕ್ ಟಿಕ್ ಕೇಳಿಸುತ್ತಿತ್ತು, ನನ್ನ ಮುಂದೆ ನನ್ನದು. ಮೊದಲು ಹಿಂದುಮುಂದಾಗಿದ್ದವು, ಆಮೇಲೆ ಎರಡೂ ಒಂದೇ ತಾಳಕ್ಕೆ ಬಂದವು. ಆಮೇಲೆ ಅವನದು ನಿಂತಿತು. ನನ್ನದು ನಿಲ್ಲಲಿಲ್ಲ.

ಪ್ರಕಾಶ್ ಎಲ್ಲಿಂದಲೋ ಓಡಿ ಬಂದು ಬಾಗಿಲು ತೆಗೆದು, ಕೈ ಚಾಚಿ ಆ ಗುಂಡಿ ಆರಿಸಿದರು. ನನ್ನ ಮುಖ ನೋಡಿದರು. ನೀನು ಏನೂ ಮುಟ್ಟಲಿಲ್ಲ ಅಂದರು. ಅದು ಪ್ರಶ್ನೆ ಅಂತ ನಾನು ಮೊದಲು ತಿಳಿದೆ. ಪೊಲೀಸರು ಬಂದ ಮೇಲೆ ಗೊತ್ತಾಯಿತು, ನಾನು ಏನು ಹೇಳಬೇಕು ಅಂತ ಹೇಳಿಕೊಡುತ್ತಿದ್ದರು. ಅವರು ತಮ್ಮ ಮೇಲೆ ಹಾಕಿಕೊಂಡರು. ನಾನು ಹಾಕಿಕೊಳ್ಳಲು ಬಿಟ್ಟೆ.

ಅವರನ್ನು ಯಾಕೆ ಬಿಟ್ಟು ಬಂದೆ ಅಂತ ಈಗ ನಿನಗೆ ತಿಳಿದಿರುತ್ತದೆ. ಆ ಮನೆಯಲ್ಲಿ ಗೊತ್ತಿದ್ದವರು ನಾವಿಬ್ಬರೇ. ಅವರು ಒಂದು ದಿನವೂ ಆಡಿ ತೋರಿಸಲಿಲ್ಲ. ಬೆಳಿಗ್ಗೆ ಎದ್ದು ನನಗೂ ಕಾಫಿ ಬೆರೆಸಿ, ಲೋಟ ಮುಂದಿಟ್ಟು, ಆಫೀಸಿಗೆ ಹೋಗುತ್ತಿದ್ದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಕಾಫಿ ನನಗೆ ಕುಡಿಯಲಾಗಲಿಲ್ಲ. ಐದು ತಿಂಗಳಿಗೆ ಓಡಿಬಂದೆ, ಬಂದವಳು ಅವರ ಹೆಸರಿಗೇ ಮಸಿ ಬಳಿದೆ. ನಿನ್ನ ಮುಂದೆ ದೊಡ್ಡ ತ್ಯಾಗ ಮಾಡಿದವಳ ಹಾಗೆ ಕೂತೆ. ಕೇಕಿನ ಮಾತು ಕಟ್ಟಿ ಹೇಳಿದ್ದು ನಿನ್ನನ್ನು ಸಮಾಧಾನ ಮಾಡಲಿಕ್ಕೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಏನೆಂದರೆ, ಅವನೇನಂದ ಅಂತ ನೀನು ಕೇಳಿದಾಗ ಬಾಯಿಗೆ ಬೇರೇನೂ ಬರಲಿಲ್ಲ. ನಿಮ್ಮ ಫ್ರಿಜ್ಜಿನ ಮೇಲೆ ಕೇಕಿನ ಡಬ್ಬಿ ಇತ್ತು, ನನ್ನ ಕಣ್ಣು ಅದರ ಮೇಲಿತ್ತು.

ಅದಕ್ಕೇ ನಾನು ಮಾನ್ಯಾ ಜೊತೆ ಹೋಗುವುದಿಲ್ಲ. ಧೂಳು ಎದ್ದರೆ, ಅವಳು ಎರಡು ನಿಮಿಷ ಕಣ್ಣಿಗೆ ಮರೆಯಾದರೆ, ನಾನು ಮತ್ತೆ ಆ ಗುಂಡಿ ಒತ್ತುತ್ತೇನೆ. ನನಗೆ ನನ್ನ ಪರಿಚಯ ಚೆನ್ನಾಗಿದೆ. ಮೇ ಹದಿನಾರರಂದು ನನ್ನ ಕೈ ನಾನೇ ಹಿಡಿದುಕೊಂಡು ಕೂತಿದ್ದೆ. ಅವಳನ್ನು ಪ್ರಕಾಶ್ ಅವರ ಕಾರಿನಲ್ಲೇ ಕೂರಿಸು. ನೀನು ನಿನ್ನ ಮನೆ ಬಾಗಿಲು ಹಾಕಿದ ಆ ಮನುಷ್ಯ ಅವತ್ತು ಎಲ್ಲ ಲೈಟನ್ನೂ ಆರಿಸಿದ್ದ. ಆಮೇಲಿನ ಹನ್ನೊಂದು ಜುಲೈಗಳಲ್ಲಿ ಒಂದನ್ನೂ ಬಿಡದೆ ಅದೇ ರಸ್ತೆಗೆ ಹೋಗಿ, ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಹಾಗೆ ಆರಿಸುವುದನ್ನು ಕಲಿಸಿದ್ದಾನಂತೆ. ನಿನ್ನ ಮಗಳಿಗೂ ಕಲಿಸಲಿ.

ಆಮೇಲೆ ಜುಲೈ ಹದಿನಾಲ್ಕರಂದು ಕೇಕ್ ಕತ್ತರಿಸು, ಅನು. ಅವಳು ಅಲ್ಲಿದ್ದರೆ ಅಲ್ಲೇ ಕತ್ತರಿಸಲಿ. ಮಾಧವ ಕಾಯಿರಿ ಅಂತ ಹೇಳಿರಲಿಲ್ಲ. ಕಾಯಿಸಿದವಳು ನಾನು.

ಕ್ಷಮಿಸು ಅಂತ ಬರೆಯಲು ಮೂರು ಸಲ ಪೆನ್ನು ಎತ್ತಿದೆ. ನಿನ್ನ ಹತ್ತಿರ ಕೇಳುವ ಮುಖ ನನಗಿಲ್ಲ. ನೀನು ಇನ್ನು ನನಗೆ ಫೋನ್ ಮಾಡದೆ ಇರಬಹುದು. ಊಟ ಆಯ್ತಾ ಅಂತ ಕೇಳುವವರು ಈ ದೇಶದಲ್ಲಿ ನನಗೆ ನೀನೊಬ್ಬಳೇ ಇದ್ದೆ ಅನ್ನುವುದು ಈ ಕಾಗದ ಬರೆಯದೆ ಇರಲು ಕಾರಣವಾಗಬಾರದು ಅಂತ ಬರೆದಿದ್ದೇನೆ. ಅಳು ಬರುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ನೀನು ಅಕ್ಕ ಅಂತ ಕರೆಯುತ್ತಿದ್ದ,
ಸುಹಾಸಿನಿ

ಮರೆತಿದ್ದು: ಲಕೋಟೆ ಅಂಟಿಸುವ ಮುಂಚೆ ಇವತ್ತು ಮಧ್ಯಾಹ್ನ ಲಿವೋನಿಯಾದಲ್ಲಿರುವ ಪ್ರಕಾಶ್‌ಗೆ ಫೋನ್ ಮಾಡಿದೆ. ಹನ್ನೊಂದು ವರ್ಷದ ಮೇಲೆ ಮೊದಲ ಸಲ. ಅವರ ಹೆಸರು ಇರುವ ಕಾಗದ, ಅವರಿಗೆ ತಿಳಿಯದೆ ಕಳಿಸಬಾರದು ಅನ್ನಿಸಿತು. ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ, ಕಾಫಿಯ ಮಾತನ್ನೂ ಬಿಡಲಿಲ್ಲ. ನಡುವೆ ಅವರು ಹೂಂ ಅನ್ನಲೂ ಇಲ್ಲ. ಓದಿ ಮುಗಿಸಿದ ಮೇಲೆ, ಲೈನು ಕತ್ತರಿಸಿಹೋಯಿತೇನೋ ಅಂತ ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಗ ಆ ಕಡೆಯಿಂದ, ಸಣ್ಣಗೆ, ಟಿಕ್ ಟಿಕ್ ಅಂತ ಕೇಳಿಸಿತು. ಕಾರಿನಲ್ಲಿದ್ದೀರಾ ಅಂತ ಕೇಳಿದೆ. ಇಲ್ಲ, ಅಡುಗೆಮನೆಯಲ್ಲಿ ಕೂತಿದ್ದೇನೆ, ಕಾರು ಗರಾಜಿನಲ್ಲಿದೆ ಅಂದರು. ಹಾಗಾದರೆ ಆ ಸದ್ದು ಏನು ಅಂತ ಕೇಳಿದೆ. ಯಾವ ಸದ್ದು ಅಂತ ಅವರು ಕೇಳಲಿಲ್ಲ, ಅನು. ನಿನಗೂ ಕೇಳ್ಸುತ್ತಾ ಅಂದರು.